ಇಪ್ಪತ್ತು ನಿಮಿಷದ ಮಾತು, ಒಂದು ವಾರದ ಜಗಳ

(ಶಿಕ್ಷಕರ ದಿನಾಚರಣೆಯ ವಾರದಲ್ಲಿ ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಬರಹರೂಪ. ಕೇಳುಗರ ಕೋರಿಕೆಯ ಮೇರೆಗೆ ಇಲ್ಲಿ ಕೊಡುತ್ತಿದ್ದೇವೆ.)



ಮುಂಬಯಿಯ ಮಳೆ ಇನ್ನೂ ಪೂರ್ತಿ ಹೋಗಿಲ್ಲ. ಗಣಪತಿಯ ಗದ್ದಲದ ನಡುವೆಯೂ ರೇಡಿಯೊ ಹಚ್ಚಿಕೊಂಡು ಕುಳಿತಿದ್ದೀರಿ, ಅದಕ್ಕೆ ಮೊದಲು ವಂದನೆ. ಈ ವಾರ ಶಿಕ್ಷಕರ ದಿನ. ವಾಡಿಕೆಯಂತೆ ಗುರುಗಳ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿ, ಒಂದು ಭಾವಗೀತೆ ಹಾಕಿ ಮುಗಿಸಬಹುದಿತ್ತು. ಆದರೆ ಒಂದು ಫೋನ್ ಕರೆ ನನ್ನ ತಲೆ ಕೆಡಿಸಿತು. ಆದ್ದರಿಂದ ಇವತ್ತು ಬೇರೆ ವಿಷಯ.

ನಮ್ಮ ಕಾರ್ಯಕ್ರಮಕ್ಕೆ ಡೊಂಬಿವಲಿಯಿಂದ ಫೋನ್ ಮಾಡುವ ಇಬ್ಬರು ಹಿರಿಯರಿದ್ದಾರೆ. ಹೆಸರು ಹೇಳುವುದಿಲ್ಲ, ಹೇಳಿದರೆ ಬೇಸರಿಸಿಕೊಂಡಾರು. ಒಬ್ಬರು ಉಡುಪಿ ಕಡೆಯವರು, ಇನ್ನೊಬ್ಬರು ವಿಜಯಪುರದ ಕಡೆಯವರು. ಒಂದೇ ಕಟ್ಟಡ, ಮೇಲೆ ಕೆಳಗೆ ಮನೆ. ಮೊದಲೆಲ್ಲ ಇಬ್ಬರೂ ಒಂದೇ ಫೋನಿನಿಂದ ಮಾತಾಡುತ್ತಿದ್ದರು. ಒಬ್ಬರು ಹಾಡು ಕೇಳುವರು, ಇನ್ನೊಬ್ಬರು ಅದನ್ನು ಹಾಡಿದವರು ಯಾರೆಂದು ಹೇಳುವರು. ಉಡುಪಿಯ ಹಿರಿಯರ ಮನೆಯ ಹಾಲ್‌ನಲ್ಲಿ ಪ್ರತಿ ಭಾನುವಾರ ಆರು ಮಕ್ಕಳಿಗೆ ಕನ್ನಡ ಪಾಠ ನಡೆಯುತ್ತಿತ್ತು. ಕಲಿಸುವವರು ವಿಜಯಪುರದ ಹಿರಿಯರು, ನಿವೃತ್ತ ಮೇಷ್ಟ್ರು. ಮಕ್ಕಳಲ್ಲಿ ಒಬ್ಬಳು ಇವರ ಮೊಮ್ಮಗಳು, ಒಬ್ಬ ಅವರ ಮೊಮ್ಮಗ.

ಕಳೆದ ತಿಂಗಳಿಂದ ಇಬ್ಬರೂ ಬೇರೆ ಬೇರೆ ದಿನ ಫೋನ್ ಮಾಡುತ್ತಿದ್ದಾರೆ. ಕಾರಣ ಕೇಳಿದೆ. ಕಟ್ಟಡದ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ವಿಡಿಯೊ ಹಾಕಿದರಂತೆ. ದೊಡ್ಡ ನಾಯಕರೊಬ್ಬರು ಶಾಲೆಯ ಮಕ್ಕಳಿಗೆ ಮಾಡಿದ ಭಾಷಣ. ಒಬ್ಬರು ಕೈ ಮುಗಿದ ಚಿತ್ರ ಹಾಕಿದರು, ಇನ್ನೊಬ್ಬರು ಮಕ್ಕಳಲ್ಲಿ ರಾಜಕೀಯ ತುಂಬಬೇಡಿ ಎಂದು ಬರೆದರು. ಅಲ್ಲಿಂದ ಹತ್ತಿಕೊಂಡಿತು. ನಾನು ಇಬ್ಬರಿಗೂ ಬೇರೆ ಬೇರೆಯಾಗಿ ಒಂದೇ ಪ್ರಶ್ನೆ ಕೇಳಿದೆ: ಆ ಭಾಷಣದಲ್ಲಿ ಅವರು ಹೇಳಿದ್ದೇನು?

ಉಡುಪಿಯ ಹಿರಿಯರು ಹೇಳಿದರು: "ನೋಡ್ಲಿಕ್ಕೆ ಎಂತ ಉಂಟು ಮಾರಾಯ್ರೆ, ಅವರು ಏನು ಹೇಳ್ತಾರೆ ಅಂತ ಗೊತ್ತುಂಟಲ್ಲ."

ವಿಜಯಪುರದ ಹಿರಿಯರು ಹೇಳಿದರು: "ತಮ್ಮಾ, ಖರೇ ಹೇಳಬೇಕಂದ್ರ ನಾ ವಿಡಿಯೊ ನೋಡೇ ಇಲ್ಲ. ಅವರು ಹಂಗ ಬರದರಲ್ಲ, ಅದಕ್ಕ ಸಿಟ್ಟು ಬಂತು."

ಇಬ್ಬರೂ ನೋಡಿಲ್ಲ! ಆದರೆ ಪಾಠ ನಿಂತು ನಾಲ್ಕು ಭಾನುವಾರವಾಯಿತು.

ಈ ಮಾತು ಕೇಳಿದಾಗ ನನಗೆ ನೆನಪಾದದ್ದು ಅಮೆರಿಕದಲ್ಲಿ 2009ರಲ್ಲಿ ನಡೆದ ಒಂದು ಪ್ರಸಂಗ. ಆಗ ನಾನು ಧಾರವಾಡದಲ್ಲಿ ಕನ್ನಡ ಬಿ.ಎ. ಓದುತ್ತಿದ್ದೆ. ಹಾಸ್ಟೆಲಿಗೆ ಬರುತ್ತಿದ್ದ ಪೇಪರಿನಲ್ಲಿ ಅದರ ಸುದ್ದಿ ಓದಿ, ಮೆಸ್ಸಿನಲ್ಲಿ ಕುಳಿತು ವಾದ ಮಾಡಿದ್ದೆವು. ಆಗ ನಕ್ಕಿದ್ದೆವು. ಈಗ ಅಷ್ಟು ನಗು ಬರುವುದಿಲ್ಲ.

ಬರಾಕ್ ಒಬಾಮ ಅಧ್ಯಕ್ಷರಾಗಿ ಎಂಟು ತಿಂಗಳು ಕಳೆಯುತ್ತಿದ್ದವು. ಅಲ್ಲಿ ಬೇಸಿಗೆ ರಜೆ ಮುಗಿದು ಸೆಪ್ಟೆಂಬರಿನ ಹೊತ್ತಿಗೆ ಶಾಲೆಗಳು ಶುರುವಾಗುತ್ತವೆ. ಸೆಪ್ಟೆಂಬರ್ 8, ಮಂಗಳವಾರ ಮಧ್ಯಾಹ್ನ ಅವರು ವರ್ಜೀನಿಯಾ ರಾಜ್ಯದ ಆರ್ಲಿಂಗ್ಟನ್‌ನಲ್ಲಿರುವ ವೇಕ್‌ಫೀಲ್ಡ್ ಹೈಸ್ಕೂಲಿನಲ್ಲಿ ನಿಂತು ಇಡೀ ದೇಶದ ಮಕ್ಕಳನ್ನು ಉದ್ದೇಶಿಸಿ ಮಾತನಾಡುವುದು, ಇಷ್ಟವಿದ್ದ ಶಾಲೆಗಳು ಅದನ್ನು ಟಿ.ವಿ.ಯಲ್ಲೋ ಇಂಟರ್‌ನೆಟ್‌ನಲ್ಲೋ ಮಕ್ಕಳಿಗೆ ತೋರಿಸುವುದು, ಇದು ಏರ್ಪಾಟು. ವಿಷಯ: ಚೆನ್ನಾಗಿ ಓದಿ, ಶಾಲೆ ಬಿಡಬೇಡಿ.

ಇದರಲ್ಲಿ ಜಗಳವಾಡಲು ಏನಿದೆ ಎನ್ನುತ್ತೀರಾ? ಭಾಷಣಕ್ಕೆ ಒಂದು ವಾರ ಇರುವಾಗಲೇ ಶುರುವಾಯಿತು. ಫ್ಲಾರಿಡಾದ ರಿಪಬ್ಲಿಕನ್ ಪಕ್ಷದ ಅಧ್ಯಕ್ಷ ಜಿಮ್ ಗ್ರೀರ್ ಒಂದು ಹೇಳಿಕೆ ಹೊರಡಿಸಿದರು. ತೆರಿಗೆದಾರರ ದುಡ್ಡಿನಲ್ಲಿ ಒಬಾಮ ತಮ್ಮ ಸಮಾಜವಾದಿ ಸಿದ್ಧಾಂತವನ್ನು ಮಕ್ಕಳ ತಲೆಗೆ ತುಂಬಲು ಹೊರಟಿದ್ದಾರೆ ಎಂಬುದು ಅದರ ಸಾರ. ರೇಡಿಯೊದ ಹರಟೆ ಕಾರ್ಯಕ್ರಮಗಳು ಇದನ್ನು ಎತ್ತಿಕೊಂಡವು. ನಮ್ಮದೇ ಮಾಧ್ಯಮ, ಒಪ್ಪಿಕೊಳ್ಳಲೇಬೇಕು. ಶಾಲೆಗಳಿಗೆ ಪೋಷಕರ ಫೋನ್ ಮೇಲೆ ಫೋನ್. ಕೆಲವರು ಆ ದಿನ ಮಕ್ಕಳನ್ನು ಶಾಲೆಗೇ ಕಳಿಸುವುದಿಲ್ಲ ಎಂದರು. ಅಲ್ಲಿ ಶಾಲೆಗಳು ವಾಷಿಂಗ್ಟನ್ನಿನಿಂದ ನಡೆಯುವುದಿಲ್ಲ. ಒಂದೊಂದು ಊರಿನ ಶಾಲಾ ಮಂಡಳಿಯದೂ ಒಂದೊಂದು ತೀರ್ಮಾನ. ಹಾಗಾಗಿ ಕೆಲವು ಕಡೆ ನೇರಪ್ರಸಾರ ತೋರಿಸಿದರು, ಕೆಲವು ಕಡೆ ರೆಕಾರ್ಡ್ ಮಾಡಿಟ್ಟು ಆಮೇಲೆ ನೋಡೋಣ ಎಂದರು, ಕೆಲವು ಕಡೆ ಬೇಡವೆಂದ ಪೋಷಕರ ಮಕ್ಕಳನ್ನು ಬೇರೆ ಕೋಣೆಯಲ್ಲಿ ಕೂರಿಸಿದರು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎನ್ನುತ್ತೇವಲ್ಲ, ಇದು ಅದಕ್ಕೂ ಒಂದು ಕೈ ಮೇಲು. ಇಲ್ಲಿ ಕೂಸು ಹುಟ್ಟುವ ಮುಂಚೆಯೇ ಅದರ ನಡತೆ ಸರಿಯಿಲ್ಲ ಎಂದು ದೂರು ಕೊಟ್ಟಿದ್ದರು.

ಹಾಗೆಂದು ತಪ್ಪೆಲ್ಲ ಒಂದೇ ಕಡೆ ಇತ್ತು ಎಂದು ನಾನು ಹೇಳಿದರೆ ಅದು ನ್ಯಾಯವಲ್ಲ. ಅಲ್ಲಿನ ಶಿಕ್ಷಣ ಇಲಾಖೆ ಭಾಷಣದ ಜತೆಗೆ ಶಿಕ್ಷಕರಿಗಾಗಿ ಒಂದು ಚಟುವಟಿಕೆ ಪಟ್ಟಿ ಕಳಿಸಿತ್ತು. ಅಧ್ಯಕ್ಷರಿಗೆ ನೆರವಾಗಲು ನಾನೇನು ಮಾಡಬಲ್ಲೆ ಎಂಬುದರ ಬಗ್ಗೆ ಮಕ್ಕಳು ತಮಗೆ ತಾವೇ ಕಾಗದ ಬರೆದುಕೊಳ್ಳಲಿ ಎಂಬುದು ಅದರಲ್ಲಿದ್ದ ಒಂದು ಸಲಹೆ. ಈಗ ನೀವೇ ಯೋಚಿಸಿ. ನೀವು ವೋಟು ಹಾಕದ ಪಕ್ಷದ ನಾಯಕರಿಗೆ ನೆರವಾಗುವುದು ಹೇಗೆಂದು ನಿಮ್ಮ ಎರಡನೇ ಕ್ಲಾಸಿನ ಮಗು ಬರೆದುಕೊಂಡು ಬಂದರೆ ನಿಮಗೆ ಹೇಗನ್ನಿಸುತ್ತದೆ? ದೇಶಕ್ಕೆ ನೆರವಾಗುವುದು ಬೇರೆ, ಒಬ್ಬ ವ್ಯಕ್ತಿಗೆ ನೆರವಾಗುವುದು ಬೇರೆ. ಆಕ್ಷೇಪ ಬಂದ ಕೂಡಲೇ ಆ ಸಾಲನ್ನು ಬದಲಾಯಿಸಿದರು. ಓದಿನಲ್ಲಿ ತಮ್ಮ ಗುರಿಗಳನ್ನು ಹೇಗೆ ಮುಟ್ಟುತ್ತೇವೆ ಎಂದು ಬರೆಯಲಿ ಎಂದಾಯಿತು. ಆದರೆ ಅಷ್ಟರಲ್ಲಿ ಆಡಿದ ಮಾತು ಊರೆಲ್ಲ ಸುತ್ತಿ ಬಂದಿತ್ತು.

ಸೋಮವಾರ, ಅಂದರೆ ಒಂದು ದಿನ ಮೊದಲೇ, ಶ್ವೇತಭವನ ಭಾಷಣದ ಪೂರ್ತಿ ಪಾಠವನ್ನು ಎಲ್ಲರೂ ಓದುವಂತೆ ಪ್ರಕಟಿಸಿತು. ಓದಿದ ಮೇಲೆ ಜಿಮ್ ಗ್ರೀರ್ ಅವರೇ, ಭಾಷಣ ಚೆನ್ನಾಗಿದೆ ಎಂದರು.

ಭಾಷಣದಲ್ಲಿ ಇದ್ದದ್ದೇನು? ಒಬಾಮ ತಮ್ಮ ಬಾಲ್ಯ ಹೇಳಿಕೊಂಡರು. ಎರಡು ವರ್ಷದವರಿದ್ದಾಗಲೇ ತಂದೆ ಬಿಟ್ಟು ಹೋದದ್ದು, ಇಂಡೊನೇಷ್ಯಾದಲ್ಲಿದ್ದಾಗ ತಾಯಿ ಬೆಳಗಿನ ಜಾವ ನಾಲ್ಕೂವರೆಗೆ ಎಬ್ಬಿಸಿ ಪಾಠ ಹೇಳಿಕೊಡುತ್ತಿದ್ದದ್ದು. ಮಗ ತೂಕಡಿಸಿ ಗೊಣಗಿದರೆ, ನನಗೇನು ಇದು ಹಬ್ಬವಾ ಎನ್ನುವ ಅರ್ಥದಲ್ಲಿ ತಾಯಿ ಗದರುತ್ತಿದ್ದರಂತೆ. ನಮ್ಮ ಅಮ್ಮಂದಿರ ಮಾತೇ ಅಲ್ಲವೇ ಇದು? ಹ್ಯಾರಿ ಪಾಟರ್ ಬರೆದ ಜೆ.ಕೆ. ರೋಲಿಂಗ್ ಅವರ ಮೊದಲ ಪುಸ್ತಕವನ್ನು 12 ಸಲ ತಿರಸ್ಕರಿಸಿದ್ದರು, ಬ್ಯಾಸ್ಕೆಟ್‌ಬಾಲ್ ಆಟಗಾರ ಮೈಕಲ್ ಜೋರ್ಡನ್ ಅವರನ್ನು ಹೈಸ್ಕೂಲ್ ತಂಡದಿಂದ ಕೈಬಿಟ್ಟಿದ್ದರು ಎಂದು ನೆನಪಿಸಿದರು. ಒಳ್ಳೆಯ ಶಿಕ್ಷಕರಿರಬಹುದು, ಒಳ್ಳೆಯ ತಂದೆತಾಯಿ ಇರಬಹುದು, ಆದರೆ ನಿಮ್ಮ ಪಾಲಿನ ಜವಾಬ್ದಾರಿ ನೀವು ಹೊರದಿದ್ದರೆ ಯಾವುದೂ ಫಲಿಸುವುದಿಲ್ಲ ಎಂದರು. ಆ ವರ್ಷ ಎಚ್1ಎನ್1 ಜ್ವರ ಹರಡಿತ್ತು, ಅದಕ್ಕೆ ಕೈ ಚೆನ್ನಾಗಿ ತೊಳೆದುಕೊಳ್ಳಿ ಎಂದೂ ಹೇಳಿದರು. ಎಲ್ಲ ಸೇರಿ ಇಪ್ಪತ್ತು ನಿಮಿಷವೂ ಆಗಲಿಲ್ಲ. ಸಮಾಜವಾದವನ್ನು ಹುಡುಕಿಕೊಂಡು ಬಂದವರಿಗೆ ಸಿಕ್ಕಿದ್ದು ಸೋಪು ನೀರು.

ಹಾಗಾದರೆ ಅಷ್ಟು ಸಿಟ್ಟು ಎಲ್ಲಿಂದ ಬಂತು? ಆ ಬೇಸಿಗೆಯಿಡೀ ಅಮೆರಿಕದಲ್ಲಿ ಆರೋಗ್ಯ ವಿಮೆಯ ಸುಧಾರಣೆ ಬಗ್ಗೆ ದೊಡ್ಡ ಗಲಾಟೆ ನಡೆದಿತ್ತು. ಊರೂರಿನ ಸಭೆಗಳಲ್ಲಿ ಸಂಸದರನ್ನು ನಿಲ್ಲಿಸಿಕೊಂಡು ಜನ ಕೂಗಾಡಿದ್ದರು. ಆ ಸಿಟ್ಟು ಎಲ್ಲಾದರೂ ಇಳಿಯಬೇಕಿತ್ತು, ಮಕ್ಕಳ ಭಾಷಣದ ಮೇಲೆ ಇಳಿಯಿತು. ಮರುದಿನ, ಸೆಪ್ಟೆಂಬರ್ 9ರಂದು, ಒಬಾಮ ಅದೇ ಆರೋಗ್ಯದ ವಿಷಯವಾಗಿ ಸಂಸತ್ತಿನ ಎರಡೂ ಸದನಗಳ ಮುಂದೆ ಮಾತನಾಡುತ್ತಿದ್ದರು. ದಕ್ಷಿಣ ಕ್ಯಾರೊಲಿನಾದ ಸದಸ್ಯ ಜೋ ವಿಲ್ಸನ್ ಕುಳಿತಲ್ಲಿಂದಲೇ, ನೀವು ಸುಳ್ಳು ಹೇಳುತ್ತಿದ್ದೀರಿ ಎಂದು ಕೂಗಿದರು. ಆ ರಾತ್ರಿಯೇ ಅವರು ಕ್ಷಮೆ ಕೇಳಿದರು. ಆದರೂ ವಾರದೊಳಗೆ ಪ್ರತಿನಿಧಿ ಸಭೆ 240ಕ್ಕೆ 179 ಮತಗಳಿಂದ ಅವರ ನಡತೆಯನ್ನು ಖಂಡಿಸಿತು. ಮಂಗಳವಾರ ಮಕ್ಕಳು ಗಪ್‌ಚಿಪ್ಪಾಗಿ ಕುಳಿತು ಕೇಳಿದ್ದರು. ಬುಧವಾರ ದೊಡ್ಡವರು ಕೂಗಿದರು. ಯಾರು ಯಾರಿಗೆ ಪಾಠ ಹೇಳಬೇಕಿತ್ತೋ!

ಇನ್ನೊಂದು ತಮಾಷೆ ಕೇಳಿ. ಟೆಕ್ಸಾಸ್‌ನಲ್ಲೂ ಒಂದು ಆರ್ಲಿಂಗ್ಟನ್ ಇದೆ. ಅಲ್ಲಿನ ಶಾಲಾ ಮಂಡಳಿ, ಪಾಠಕ್ಕೆ ಅಡ್ಡಿಯಾಗುತ್ತದೆ ಎಂದು ಒಬಾಮ ಭಾಷಣದ ನೇರಪ್ರಸಾರ ತೋರಿಸಲಿಲ್ಲ. ಅದೇ ತಿಂಗಳು ಮಾಜಿ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಬರಲಿದ್ದ ಒಂದು ಕ್ರೀಡಾಂಗಣದ ಸಮಾರಂಭಕ್ಕೆ ಮಾತ್ರ ಮಕ್ಕಳನ್ನು ಬಸ್ಸಿನಲ್ಲಿ ಕರೆದೊಯ್ಯಲು ಒಪ್ಪಿತ್ತು. ಜನ ಕೇಳದೆ ಬಿಡುತ್ತಾರೆಯೇ? ಟೀಕೆ ಬಂದ ಮೇಲೆ ಮಂಡಳಿ ಹಿಂದೆ ಸರಿಯಿತು.

ಇದೆಲ್ಲ ರಿಪಬ್ಲಿಕನ್ನರ ಕಥೆ, ಡೆಮಾಕ್ರಟರು ಸಾಚಾ ಎಂದುಕೊಂಡಿರಾ? ಹದಿನೆಂಟು ವರ್ಷ ಹಿಂದಕ್ಕೆ ಹೋಗೋಣ. 1991ರ ಅಕ್ಟೋಬರ್ 1ರಂದು ಅಧ್ಯಕ್ಷ ಜಾರ್ಜ್ ಬುಷ್, ಅಂದರೆ ಹಿರಿಯ ಬುಷ್, ವಾಷಿಂಗ್ಟನ್ನಿನ ಆಲಿಸ್ ಡೀಲ್ ಶಾಲೆಯಿಂದ ದೇಶದ ಮಕ್ಕಳಿಗೆ ಹೀಗೆಯೇ ಮಾತನಾಡಿದರು. ಚೆನ್ನಾಗಿ ಓದಿ, ಮಾದಕ ವಸ್ತು ಮುಟ್ಟಬೇಡಿ ಎಂದರು. ನಮ್ಮ ಗುರಿ ಮುಟ್ಟಲು ನೀವು ಹೇಗೆ ನೆರವಾಗಬಹುದೆಂದು ನನಗೆ ಕಾಗದ ಬರೆಯಿರಿ ಎಂದೂ ಹೇಳಿದ್ದರು! ಆಗ ಕೂಗೆಬ್ಬಿಸಿದವರು ಡೆಮಾಕ್ರಟರು. ಶಿಕ್ಷಣ ಇಲಾಖೆಯ ಹಣದಲ್ಲಿ ಅಧ್ಯಕ್ಷರ ರಾಜಕೀಯ ಜಾಹೀರಾತು ತಯಾರಿಸುವುದು ಸರಿಯಲ್ಲ ಎಂದು ಅವರ ಸಂಸದೀಯ ನಾಯಕ ರಿಚರ್ಡ್ ಗೆಫಾರ್ಟ್ ಹೇಳಿದರು. ಚಿತ್ರೀಕರಣಕ್ಕೆ ತಗುಲಿದ ಸುಮಾರು 27 ಸಾವಿರ ಡಾಲರಿನ ಲೆಕ್ಕ ತೆಗೆಸಿದರು. ಕಾನೂನು ಮುರಿದದ್ದೇನೂ ಕಾಣಲಿಲ್ಲ. ಅದಕ್ಕೂ ಹಿಂದೆ, 1988ರ ನವೆಂಬರಿನಲ್ಲಿ, ರೊನಾಲ್ಡ್ ರೇಗನ್ ಶ್ವೇತಭವನಕ್ಕೆ ಬಂದ ಶಾಲಾ ಮಕ್ಕಳ ಮುಂದೆ ತೆರಿಗೆ ಕಡಿಮೆ ಮಾಡುವುದರ ಲಾಭವನ್ನೂ ವಿವರಿಸಿದ್ದರು. ಅದಂತೂ ನೇರವಾಗಿ ರಾಜಕೀಯದ ಮಾತೇ.

ಹೀಗೆ ಪಾತ್ರಧಾರಿಗಳು ಬದಲಾದರು, ಬಣ್ಣ ಬದಲಾಯಿತು, ಪ್ರಸಂಗ ಒಂದೇ. ಮಾತನಾಡುವವರು ನಮ್ಮವರಾದರೆ ಉಪದೇಶ, ಅವರವರಾದರೆ ಪ್ರಚಾರ.

ಆದರೆ ಈ ಕಥೆಯಲ್ಲಿ ಅಪರೂಪದವರೂ ಇದ್ದಾರೆ. ನ್ಯೂಟ್ ಗಿಂಗ್ರಿಚ್ ಎಂಬ ರಿಪಬ್ಲಿಕನ್ ನಾಯಕರು 1991ರಲ್ಲಿ ಬುಷ್ ಭಾಷಣವನ್ನು ಸಮರ್ಥಿಸಿದ್ದರು. 2009ರಲ್ಲಿ ತಮ್ಮ ಪಕ್ಷದವರು ಕೂಗಾಡುತ್ತಿದ್ದಾಗ, ದೇಶದ ಅಧ್ಯಕ್ಷರು ಮಕ್ಕಳಿಗೆ ಓದಿ ಎಂದು ಹೇಳುವುದು ಒಳ್ಳೆಯದೇ ಎಂದು ಒಬಾಮ ಪರವಾಗಿಯೂ ಹೇಳಿದರು. ಅವರು ಬಹಳ ಕಟುವಾಗಿ ರಾಜಕೀಯ ಮಾಡಿದವರು, ಸೌಮ್ಯರೇನಲ್ಲ. ಆದರೂ ಈ ಒಂದು ವಿಷಯದಲ್ಲಿ ಅವರ ತಕ್ಕಡಿ ಎರಡು ಸಲವೂ ಒಂದೇ ತೂಕ ತೋರಿಸಿತು. ಕಿರಿಯ ಬುಷ್ ಅವರ ಪತ್ನಿ, ಸ್ವತಃ ಶಿಕ್ಷಕಿಯಾಗಿದ್ದ ಲಾರಾ ಬುಷ್ ಕೂಡ ಒಬಾಮ ಭಾಷಣವನ್ನು ಬೆಂಬಲಿಸಿದರು.

ನಮ್ಮ ದೇಶಕ್ಕೆ ಬರೋಣ. ಶಿಕ್ಷಕರ ದಿನ ಎಂದರೆ ಸರ್ವಪಲ್ಲಿ ರಾಧಾಕೃಷ್ಣನ್ ಅವರ ಜನ್ಮದಿನ. ಅವರು 1918ರಿಂದ 1921ರವರೆಗೆ ಮೈಸೂರಿನಲ್ಲಿ ಪಾಠ ಹೇಳಿದವರು. ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಅಲಂಕರಿಸಿದ ಸಾರೋಟಿನಲ್ಲಿ ಕೂರಿಸಿ, ಕುದುರೆ ಬಿಚ್ಚಿ, ತಾವೇ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದ ಕಥೆ ನಮಗೆಲ್ಲ ಗೊತ್ತು. ಆಮೇಲೆ ಅವರು ರಾಷ್ಟ್ರಪತಿಯಾದರು. 2002ರಿಂದ 2007ರವರೆಗೆ ರಾಷ್ಟ್ರಪತಿಯಾಗಿದ್ದ ಅಬ್ದುಲ್ ಕಲಾಂ ಹೋದ ಊರಲ್ಲೆಲ್ಲ ಮಕ್ಕಳನ್ನು ಸೇರಿಸಿ ಮಾತನಾಡಿದರು, ಪ್ರತಿಜ್ಞೆ ಹೇಳಿಸಿದರು. ಅದಕ್ಕಾಗಿ ದೇಶ ಎರಡು ಹೋಳಾಗಲಿಲ್ಲ. ಏಕೆಂದರೆ ನಮ್ಮಲ್ಲಿ ರಾಷ್ಟ್ರಪತಿ ಬೇರೆ, ಸರಕಾರ ನಡೆಸುವ ಪ್ರಧಾನಿ ಬೇರೆ. ರಾಷ್ಟ್ರಪತಿ ಪಕ್ಷದ ವೇದಿಕೆ ಹತ್ತುವುದಿಲ್ಲ. ಅಮೆರಿಕದಲ್ಲಿ ಎರಡೂ ಪಟ್ಟ ಒಂದೇ ತಲೆಯ ಮೇಲೆ. ದೇಶದ ಯಜಮಾನರೂ ಅವರೇ, ಒಂದು ಪಕ್ಷದ ಮುಂದಾಳೂ ಅವರೇ. ಮಕ್ಕಳ ಮುಂದೆ ನಿಂತವರು ಯಜಮಾನರೋ, ಮುಂದಾಳೋ ಎಂಬುದೇ ಅಲ್ಲಿನ ಜಗಳದ ಬೇರು.

ನಮ್ಮಲ್ಲಿ ಆ ಪ್ರಶ್ನೆ ಬಂದದ್ದು 2014ರ ಸೆಪ್ಟೆಂಬರ್ 5ರಂದು. ಪ್ರಧಾನಿ ನರೇಂದ್ರ ಮೋದಿ ದೆಹಲಿಯ ಮಾಣೆಕ್‌ಷಾ ಸಭಾಂಗಣದಿಂದ ದೇಶದ ಮಕ್ಕಳಿಗೆ ಮಾತನಾಡಿದರು. ಮಕ್ಕಳಿಗೆ ತೋರಿಸಲು ಏರ್ಪಾಟು ಮಾಡಿ ಎಂದು ಶಾಲೆಗಳಿಗೆ ಸೂಚನೆ ಹೋಗಿತ್ತು. ಇದು ಕಡ್ಡಾಯವೇ ಎಂದು ವಿರೋಧ ಪಕ್ಷಗಳು ಆಕ್ಷೇಪಿಸಿದವು. ಕಡ್ಡಾಯವಲ್ಲ, ಇಷ್ಟವಿದ್ದರೆ ಮಾತ್ರ ಎಂದು ಆಗಿನ ಸಚಿವೆ ಸ್ಮೃತಿ ಇರಾನಿ ಸ್ಪಷ್ಟಪಡಿಸಿದರು. ಪ್ರಬಂಧ ಸ್ಪರ್ಧೆಗೆ ಇಟ್ಟ ಗುರು ಉತ್ಸವ ಎಂಬ ಹೆಸರಿನ ಬಗ್ಗೆ ತಮಿಳುನಾಡಿನಲ್ಲಿ ಬೇರೆಯದೇ ಗದ್ದಲ. ಭಾಷಣದ ದಿನ ಒಬ್ಬ ಹುಡುಗ, ಪ್ರಧಾನಿಯಾಗಲು ನಾನೇನು ಮಾಡಬೇಕು ಎಂದು ಕೇಳಿದ. 2024ರ ಚುನಾವಣೆಗೆ ತಯಾರಿ ಮಾಡಿಕೋ ಎಂದರು ಪ್ರಧಾನಿ. ಸಭೆಯೆಲ್ಲ ನಕ್ಕಿತು.

ಆಗ ನಾನು ಯಾವ ಕಡೆ ನಿಂತಿದ್ದೆ ಎಂದು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ರೇಡಿಯೊ ಆರಿಸಿಬಿಡುತ್ತೀರಿ. ಆದರೆ ಒಂದು ತಪ್ಪೊಪ್ಪಿಗೆ ಮಾಡುತ್ತೇನೆ. ಶಾಲೆಗಳಿಗೆ ಹೋದ ಸೂಚನೆಯನ್ನು ನಾನು ಓದಿರಲಿಲ್ಲ, ಭಾಷಣವನ್ನು ಪೂರ್ತಿ ಕೇಳಿರಲಿಲ್ಲ. ಆದರೂ ಲೋಕಲ್ ಟ್ರೈನಿನಲ್ಲಿ ಠಾಣೆಯಿಂದ ದಾದರಿನವರೆಗೆ ವಾದ ಮಾಡಿದ್ದೆ. ಐದು ವರ್ಷದ ಹಿಂದೆ ಹಾಸ್ಟೆಲಿನಲ್ಲಿ ಅಮೆರಿಕದವರನ್ನು ನೋಡಿ ನಕ್ಕವನು ನಾನೇ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಸಾಲಿನಲ್ಲಿ ನಾನೂ ಒಬ್ಬ.

ಕೇಳುಗರೇ, ಪ್ರಶ್ನೆ ಕೇಳಲೇಬಾರದು ಎಂದು ನಾನು ಹೇಳುತ್ತಿಲ್ಲ. ಶಾಲೆಯಲ್ಲಿ ಮಗು ಎದ್ದು ಹೋಗಲಾರದು, ಚಾನೆಲ್ ಬದಲಾಯಿಸಲಾರದು. ಆದ್ದರಿಂದ ಅದರ ಮುಂದೆ ಅಧಿಕಾರದಲ್ಲಿರುವವರು ಬಂದು ನಿಂತಾಗ ತಂದೆತಾಯಿ ಎಚ್ಚರವಾಗಿರುವುದು ಸರಿಯೇ. ಕಡ್ಡಾಯವೇ, ಐಚ್ಛಿಕವೇ? ಹೇಳುವುದನ್ನು ಮೊದಲೇ ಎಲ್ಲರಿಗೂ ತೋರಿಸಿದ್ದಾರೆಯೇ? ಓದಿನ ಮಾತೋ, ವೋಟಿನ ಮಾತೋ? ಇವು ಕೇಳಬೇಕಾದ ಪ್ರಶ್ನೆಗಳು. 2009ರಲ್ಲಿ ಆ ಕಾಗದದ ಸಾಲನ್ನು ಬದಲಾಯಿಸಿದ್ದು ಇಂಥ ಪ್ರಶ್ನೆಯೇ. ಭಾಷಣವನ್ನು ಮೊದಲೇ ಪ್ರಕಟಿಸಿದಾಗ ಅರ್ಧ ಜಗಳ ಅಲ್ಲಿಗೇ ತಣ್ಣಗಾಯಿತು. ಒಬಾಮ 2010ರಲ್ಲಿ ಫಿಲಡೆಲ್ಫಿಯಾದಿಂದ, 2011ರಲ್ಲಿ ವಾಷಿಂಗ್ಟನ್ನಿನಿಂದ ಮತ್ತೆ ಮಕ್ಕಳಿಗೆ ಮಾತನಾಡಿದಾಗ ಮೊದಲ ಸಲದಷ್ಟು ಗದ್ದಲ ಆಗಲಿಲ್ಲ.

ಆದರೆ ಇವುಗಳ ಜತೆ ನಮಗೆ ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. ಇದೇ ಮಾತನ್ನು ನನ್ನ ಪಕ್ಷದವರು ಹೇಳಿದ್ದರೆ ನಾನು ಏನೆನ್ನುತ್ತಿದ್ದೆ? ಉತ್ತರ ಬೇರೆಯಾದರೆ, ನನ್ನ ಸಿಟ್ಟು ಮಗುವಿನ ಸಲುವಾಗಿ ಅಲ್ಲ, ನನ್ನ ಸಲುವಾಗಿ.

ಆ ದಿನ ವೇಕ್‌ಫೀಲ್ಡ್ ಶಾಲೆಯಲ್ಲಿ ಭಾಷಣಕ್ಕೆ ಮೊದಲು ಒಬಾಮ ಒಂಬತ್ತನೇ ತರಗತಿಯ ಮಕ್ಕಳ ಜತೆ ಹರಟಿದ್ದರು. ಬದುಕಿರುವವರಾಗಲಿ, ತೀರಿಕೊಂಡವರಾಗಲಿ, ಯಾರೊಬ್ಬರ ಜತೆ ಊಟ ಮಾಡಲು ನಿಮಗೆ ಇಷ್ಟ ಎಂದು ಒಬ್ಬ ಹುಡುಗಿ ಕೇಳಿದಳು. ಒಬಾಮ ಹೇಳಿದ ಹೆಸರು ಗಾಂಧಿಯವರದು. ಊಟ ಮಾತ್ರ ತುಂಬ ಚಿಕ್ಕದಾಗಿರುತ್ತದೆ, ಅವರು ಹೆಚ್ಚು ತಿನ್ನುತ್ತಿರಲಿಲ್ಲವಲ್ಲ ಎಂದು ನಕ್ಕರು. ಹೊರಗೆ ಇಡೀ ದೇಶ ಒಂದು ವಾರದಿಂದ ಕಿತ್ತಾಡುತ್ತಿದೆ, ಒಳಗೆ ಆ ಹುಡುಗಿಗೆ ಬೇಕಾದದ್ದು ಊಟಕ್ಕೆ ಯಾರನ್ನು ಕರೆಯುತ್ತೀರಿ ಎಂಬುದು.

ಈಗ ಡೊಂಬಿವಲಿಗೆ ವಾಪಸು ಬರುತ್ತೇನೆ. ಆ ಇಬ್ಬರು ಹಿರಿಯರ ಮೊಮ್ಮಕ್ಕಳು ಜಗಳವಾಡಿಲ್ಲ. ದಿನಾ ಸಂಜೆ ಕೆಳಗೆ ಒಟ್ಟಿಗೇ ಆಡುತ್ತಾರೆ, ಹಿಂದಿಯಲ್ಲಿ, ಮರಾಠಿಯಲ್ಲಿ. ನಿಂತದ್ದು ಅವರ ಗೆಳೆತನವಲ್ಲ, ಅವರ ಕನ್ನಡ. ಮೊಮ್ಮಗ ಒತ್ತಕ್ಷರಕ್ಕೆ ಬಂದಿದ್ದನಂತೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುವುದು ಇದಕ್ಕೇ. ಅಮೆರಿಕದಂಥ ದೇಶಕ್ಕೆ ಒಂದು ವಾರದ ಜಗಳ ದೊಡ್ಡದಲ್ಲ, ಅವರು ತಡೆದುಕೊಳ್ಳುತ್ತಾರೆ. ಈ ಊರಿನ ಒಂದು ಕಟ್ಟಡದಲ್ಲಿ ಕನ್ನಡದ ಮನೆ ಇರುವುದೇ ನಾಲ್ಕೋ ಐದೋ. ಅದರಲ್ಲಿ ಎರಡು ಮುನಿಸಿಕೊಂಡರೆ ಉಳಿಯುವುದೆಷ್ಟು?

ಹಿರಿಯರೇ, ನೀವಿಬ್ಬರೂ ಈಗ ಕೇಳುತ್ತಿದ್ದೀರಿ ಎಂದು ನನಗೆ ಗೊತ್ತು, ಮೇಲಿನ ಮನೆಯಲ್ಲೊಬ್ಬರು, ಕೆಳಗಿನ ಮನೆಯಲ್ಲೊಬ್ಬರು. ನಿಮ್ಮ ವಯಸ್ಸಿಗೆ ಬುದ್ಧಿ ಹೇಳುವಷ್ಟು ದೊಡ್ಡವನಲ್ಲ ನಾನು. ಒಂದು ವಿನಂತಿ ಮಾತ್ರ. ಆ ವಿಡಿಯೊ ಇನ್ನೂ ಫೋನಿನಲ್ಲಿದ್ದರೆ, ಇಬ್ಬರೂ ಒಟ್ಟಿಗೆ ಕುಳಿತು ಒಂದು ಸಲ ಪೂರ್ತಿ ನೋಡಿ. ಆಮೇಲೆ ಬೇಕಾದರೆ ಜಗಳವಾಡಿ. ನೋಡಿ ಆಡಿದ ಜಗಳಕ್ಕೆ ಒಂದು ಮರ್ಯಾದೆ ಇರುತ್ತದೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮಾತ್ರ ಹಾಲ್‌ನಲ್ಲಿ ಚಾಪೆ ಹಾಸಿರಲಿ.

ನಿಮ್ಮಿಬ್ಬರಿಗಾಗಿ ಮುಂದಿನ ವಾರ ಒಂದು ಹಾಡು ತೆಗೆದಿಟ್ಟಿದ್ದೇನೆ. ಹಾಡು ಯಾವುದೆಂದು ಒಬ್ಬರು ಹೇಳಬೇಕು, ಹಾಡಿದವರು ಯಾರೆಂದು ಇನ್ನೊಬ್ಬರು ಹೇಳಬೇಕು. ಫೋನ್ ಒಂದೇ ಇರಲಿ.